ಪಾಲಿಶ್ ಕೆಟ್ಟ ಕಾರಿನ ಮೈ

ಆಯುಧಪೂಜೆಯ ಹಿಂದಿನ ದಿನ ವಾಹನವುಳ್ಳ ಮನೆಗಳಲ್ಲಿ ನಡೆಯುವ ಸಡಗರವನ್ನು ನಿಮಗೆ ವಿವರಿಸಬೇಕಾಗಿಲ್ಲ. ನಮ್ಮ ತಂದೆಯವರು ನಿವೃತ್ತಿಯ ಹಣದಲ್ಲಿ ಕೊಂಡ ಕಡುನೀಲಿ ಕಾರೊಂದು ನಮ್ಮಲ್ಲುಂಟು. ಎರಡು ವರ್ಷಗಳ ಕೆಳಗೆ ಹಬ್ಬಕ್ಕೆಂದು ಅದನ್ನು ಒಂದು ಅಂಗಡಿಯಲ್ಲಿ ಯಂತ್ರದ ಪಾಲಿಶ್ ಮಾಡಿಸಿಕೊಂಡು ಬಂದೆ. ಸಂಜೆ ಬೆಳಕಿನಲ್ಲಿ ಅದು ಕನ್ನಡಿಯಂತೆ ಕಂಡಿತು. ಮಾರನೆಯ ದಿನ ಪೂಜೆ ಮುಗಿದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಗಾಡಿಯನ್ನು ಬಿಸಿಲಿಗೆ ತಂದಾಗ ನಿಜಸ್ಥಿತಿ ತಿಳಿಯಿತು. ಬಾನೆಟ್ಟಿನ ಮೇಲೆ ಸೂರ್ಯ ಹೊಳೆಯುವ ಕಡೆಯಲ್ಲೆಲ್ಲ ಜೇಡರ ಬಲೆ ಕಟ್ಟಿದಂತೆ ಉಂಗುರ ಉಂಗುರವಾದ ಗೀರುಗಳು. ಬಾನೆಟ್ಟಿನ ಏಣಿನ ಮೇಲೆ ರೂಪಾಯಿ ನಾಣ್ಯದಗಲ ಮಂಕಾದ ಮಚ್ಚೆ. ತಂದೆಯವರು ಅದನ್ನು ಬೆರಳಿನಿಂದ ಮುಟ್ಟಿ, "ಇದು ಮೊದಲು ಇರಲಿಲ್ಲವಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ನಾನು ಅಂಗಡಿಗೆ ಓಡಿದೆ. "ಇನ್ನೊಂದು ಕೈ ಗಟ್ಟಿಯಾಗಿ ಹೊಡೆದರೆ ಸರಿಹೋಗುತ್ತೆ, ಸಾರ್. ಹಬ್ಬ ಕಳೆದ ಮೇಲೆ ನಾಲ್ಕು ದಿನ ಬಿಟ್ಟು ಬನ್ನಿ" ಎಂದರು. ಆ ನಾಲ್ಕು ದಿನಗಳ ಬಿಡುವು ಸಿಕ್ಕಿದ್ದೇ ಕಾರಿನ ಪುಣ್ಯ. ಅಷ್ಟರಲ್ಲಿ ನಾನು ವಿಚಾರಿಸಿ, ಓದಿ ತಿಳಿದುಕೊಂಡುದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಪಾಲಿಶ್ ಎಂದರೆ ಬಣ್ಣಕ್ಕೆ ಏನನ್ನೋ ಸೇರಿಸುವ ಕೆಲಸವೆಂದು ನಮ್ಮಲ್ಲಿ ಬಹುಮಂದಿಯ ಭಾವನೆ. ಅದು ಸೇರಿಸುವ ಕೆಲಸವಲ್ಲ, ತೆಗೆಯುವ ಕೆಲಸ. ಸಾಣೆಕಲ್ಲಿನ ಮೇಲೆ ಗಂಧ ತೇಯ್ದಂತೆ, ಪಾಲಿಶಿನಲ್ಲಿರುವ ಸಣ್ಣ ಕಣಗಳು ಬಣ್ಣದ ಮೇಲ್ಮೈಯನ್ನು ತೇಯ್ದು ಸಮಮಾಡುತ್ತವೆ. ತೇಯಲು ಅಲ್ಲಿರುವ ಸಾಮಗ್ರಿಯಾದರೂ ಎಷ್ಟು? ಈಗಿನ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಗಾಜಿನಂಥ ಒಂದು ಪದರ. ಪೇಂಟರುಗಳು ಇದನ್ನು ಕ್ಲಿಯರ್ ಎನ್ನುತ್ತಾರೆ. ಎಲ್ಲ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್; ಅದರಲ್ಲಿ ಕ್ಲಿಯರಿನ ಪಾಲು ೩೫ರಿಂದ ೫೦. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್ ಎಂಬುದನ್ನು ನೆನೆದರೆ, ಕಾರಿನ ಹೊಳಪೆಲ್ಲವೂ ತಲೆಗೂದಲಿಗಿಂತ ತೆಳುವಾದ ಹೊದಿಕೆಯಲ್ಲಿದೆಯೆಂದು ಮನಸ್ಸಿಗೆ ಬರುತ್ತದೆ. ಕೆಳಗಿನ ಬಣ್ಣವನ್ನು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಯುವುದೂ ಈ ಹೊದಿಕೆಯೇ.

ಹಾಗಾದರೆ "ಇನ್ನೊಂದು ಕೈ ಹೊಡೆಯುವ" ಅಭ್ಯಾಸ ಎಲ್ಲಿಂದ ಬಂತು? ಇದಕ್ಕೊಂದು ಹಿನ್ನೆಲೆಯಿದೆ. ೧೯೨೩ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯವರ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಮೋಟಾರು ಕಾರುಗಳ ಮೈಗೆ ಬಂತು. ಅದಕ್ಕೆ ಮುಂಚೆ ವಾರ್ನಿಷ್ ಬಳಿದು ಒಣಗಿಸಲು ವಾರಗಳೇ ಬೇಕಾಗುತ್ತಿದ್ದವು. ನಮ್ಮ ಪೇಂಟರುಗಳ ಬಾಯಲ್ಲಿ ಈ ಹೆಸರು ಇಂದಿಗೂ ಉಳಿದಿದೆ. ಈ ಬಣ್ಣ ಬೇಗ ಒಣಗುತ್ತದೆ. ಆದರೆ ಒಣಗಿದಾಗ ಮಂಕಾಗಿರುತ್ತದೆ. ಹಲವು ಸಲ ಹೊಡೆದು, ರಬ್ಬಿಂಗ್ ಕಾಂಪೌಂಡಿನಿಂದ ತೋಳು ಸೋಲುವಷ್ಟು ಉಜ್ಜಿದಾಗಲೇ ಹೊಳಪು. ಅಂಬಾಸಿಡರ್ ಕಾರುಗಳ ಕಾಲದ ವರ್ಕ್‌ಷಾಪುಗಳಲ್ಲಿ ಉಜ್ಜಿದಷ್ಟೂ ಹೊಳಪೆಂಬುದು ತಪ್ಪಾಗಿರಲಿಲ್ಲ. ಆ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಕಾರುಗಳ ಮೈಗೆ ಕ್ಲಿಯರ್ ಬಂದುದಂತೂ ಅದಕ್ಕಿಂತ ಬಹಳ ಮೊದಲೇ. ಕೈಯ ಅಭ್ಯಾಸ ಮಾತ್ರ ಬದಲಾಗಲಿಲ್ಲ, ಅದಕ್ಕೆ ಯಂತ್ರದ ಬಲವೂ ಕೂಡಿಕೊಂಡಿತು. ನನಗೆ ಆ ಅಂಗಡಿಯವರ ಮೇಲೆ ಸಿಟ್ಟಿದ್ದುದು ಈ ವಿಷಯ ತಿಳಿದ ಮೇಲೆ ಸ್ವಲ್ಪ ಇಳಿಯಿತು.

ಇನ್ನು ಆ ಉಂಗುರಗಳ ಮಾತು. ನಿಮ್ಮ ಅಡಿಗೆಮನೆಯ ಹಳೆಯ ಸ್ಟೀಲ್ ತಟ್ಟೆಯೊಂದನ್ನು ದೀಪದ ಕೆಳಗೆ ಹಿಡಿದು ನೋಡಿ. ದೀಪದ ಬಿಂಬದ ಸುತ್ತ ಉಂಗುರಗಳು ಕಾಣುತ್ತವೆ. ತಟ್ಟೆಯನ್ನು ಸರಿಸಿದರೂ ಉಂಗುರಗಳು ಬಿಂಬವನ್ನು ಬಿಟ್ಟು ಹೋಗುವುದಿಲ್ಲ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಆದರೆ ಬಿಂಬದ ಸುತ್ತ ಅಡ್ಡಲಾಗಿ ಬಿದ್ದವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ಕಳುಹಿಸುವುದರಿಂದ ಉಂಗುರದ ಭ್ರಮೆಯುಂಟಾಗುತ್ತದೆ. ಒರಟು ಪ್ಯಾಡಿನ ತಿರುಗುವ ಯಂತ್ರವಾದರೋ ಇನ್ನೊಂದು ಬಗೆಯ ಗುರುತನ್ನು ಬಿಡುತ್ತದೆ: ನೀವು ಕಾರಿನ ಸುತ್ತ ನಡೆದಂತೆ, ರೇಷ್ಮೆ ಸೀರೆಯ ಮೇಲೆ ಬೆಳಕು ಹೊರಳುವ ಹಾಗೆ ಅಲೆಯಲೆಯಾಗಿ ಸರಿಯುವ ಪಟ್ಟೆಗಳು.

ಹಿಂದಿನ ಸಂಜೆ ಇವೇಕೆ ಕಾಣಲಿಲ್ಲ? ಅನೇಕ ಪಾಲಿಶುಗಳಲ್ಲಿ ಎಣ್ಣೆ, ಮೇಣಗಳು ಇರುತ್ತವೆ. ಇವು ಗೀರುಗಳಲ್ಲಿ ತುಂಬಿಕೊಂಡು ಅವುಗಳನ್ನು ಮರೆಸುತ್ತವೆ. ಎರಡು ಮೂರು ಸಲ ತೊಳೆದರೆ ಗೀರು ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ಮಾಡಿದ ಕೆಲಸವನ್ನು ಪರೀಕ್ಷಿಸಲು, ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ, ಮೃದುವಾದ ಬಟ್ಟೆಯಿಂದ ಸ್ವಲ್ಪ ಜಾಗವನ್ನು ಒರೆಸಿ, ಬಿಸಿಲಿನಲ್ಲಿ ಓರೆಯಾಗಿ ನೋಡಬೇಕು. ಬೆಂಕಿಯ ಹತ್ತಿರ ಇದನ್ನು ಇಡಬೇಡಿ. ಡ್ಯೂಕೋ ಹೊಡೆದ ಹಳೆಯ ಗಾಡಿಗಳಿಗಂತೂ ಮುಟ್ಟಿಸಲೇಬೇಡಿ.

ಕೈಹಾಕುವುದಕ್ಕೆ ಮೊದಲು ಗಾಯ ಎಷ್ಟು ಆಳವೆಂದು ತಿಳಿಯಬೇಕು. ಗೀರಿನ ಮೇಲೆ ನೀರು ಹನಿಸಿ. ನೀರಿದ್ದಾಗ ಗೀರು ಮಾಯವಾಗಿ, ಆರಿದಾಗ ಮತ್ತೆ ಕಂಡರೆ ಅದು ಮೇಲ್ಮೈಯದು, ಗುಣವಾಗುವ ಸಂಭವವುಂಟು. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ ಅದು ಪಾಲಿಶಿಗೆ ಬಗ್ಗುವಂಥದಲ್ಲ. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಎಚ್ಚರ: ಹಳೆಯ ಒಂದೇ ಪದರದ ಬಣ್ಣಕ್ಕೆ ಅದು ಸಹಜ, ಕ್ಲಿಯರ್ ಇರುವ ಗಾಡಿಯಲ್ಲಿ ಹೊದಿಕೆ ಹರಿದುಹೋಗಿದೆಯೆಂದೇ ಅರ್ಥ. ಬಣ್ಣದ ದಪ್ಪ ಅಳೆಯುವ ಉಪಕರಣ ಒಳ್ಳೆಯ ವರ್ಕ್‌ಷಾಪುಗಳಲ್ಲಿರುತ್ತದೆ. ಅದು ಸಾಮಾನ್ಯವಾಗಿ ಒಟ್ಟು ದಪ್ಪವನ್ನು ಹೇಳುತ್ತದೆಯೇ ಹೊರತು ಕ್ಲಿಯರ್ ಎಷ್ಟು ಉಳಿದಿದೆಯೆಂದು ಬೇರೆಯಾಗಿ ಹೇಳುವುದಿಲ್ಲ.

ಹೀಗೆ ಪರೀಕ್ಷಿಸಿದಾಗ ನಮ್ಮ ಕಾರಿನ ಉಂಗುರಗಳು ನೀರಿನಲ್ಲಿ ಮಾಯವಾದವು, ಏಣಿನ ಮಚ್ಚೆ ಆಗಲಿಲ್ಲ. ನಾನು ಅಂಗಡಿಗೆ ಮರಳಿ ಹೋಗಲಿಲ್ಲ.

ಉಂಗುರಗಳಿಗೆ ಮಾಡಿದ ಉಪಚಾರ ಇಷ್ಟು. ಮೊದಲು ಧಾರಾಳವಾಗಿ ನೀರು ಬಿಟ್ಟು ಮಣ್ಣು ಕಳೆದು, ಕಾರಿನ ಶಾಂಪೂವಿನಿಂದ ನೆರಳಿನಲ್ಲಿ ತೊಳೆದದ್ದು. ಬೋರ್‌ವೆಲ್ ನೀರು ಬಿಸಿಲಿನಲ್ಲಿ ಆರಿದರೆ ಸುಣ್ಣದ ಚುಕ್ಕೆಗಳು ಉಳಿಯುತ್ತವೆ, ಆದ್ದರಿಂದ ಕೂಡಲೆ ಒರೆಸಬೇಕು. ಆಮೇಲೆ ಡಿಕ್ಕಿಯ ಮೇಲೆ ಒಂದೂವರೆ ಅಡಿ ಚೌಕವನ್ನು ಮಾತ್ರ ಪರೀಕ್ಷೆಗೆ ಆರಿಸಿಕೊಂಡೆ. ಇದನ್ನು ಬಿಡಬೇಡಿ, ಇಡೀ ಕಾರಿಗೆ ಒಮ್ಮೆಗೇ ಕೈಹಾಕುವುದರಿಂದಲೇ ಅನಾಹುತಗಳೆಲ್ಲ ಆಗುವುದು. ಬಾಡಿಗೆಗೆ ತಂದ ಯಂತ್ರ ನಿಂತಲ್ಲೇ ಗರಗರನೆ ತಿರುಗುವಂಥದಲ್ಲ, ತಿರುಗುತ್ತಲೇ ಒಲೆಯುವಂಥದು. ಇದರಲ್ಲಿ ಒಂದೇ ಜಾಗ ಕಾಯುವ ಭಯ ಕಡಿಮೆ. ಮೃದುವಾದ ಫೋಮ್ ಪ್ಯಾಡು, ಅತ್ಯಂತ ನುಣುಪಾದ ಪಾಲಿಶು, ಯಂತ್ರದ ಭಾರಕ್ಕಿಂತ ಹೆಚ್ಚು ಒತ್ತಡವಿಲ್ಲ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಸಲ ನಿಧಾನವಾಗಿ ಸಾಗಿ, ಒರೆಸಿ, ಬಿಸಿಲಿಗೆ ತಂದು ನೋಡಿದೆ. ಬಲೆ ಮುಕ್ಕಾಲು ಪಾಲು ಹೋಗಿತ್ತು. ಹೋಗದಿದ್ದರೆ ಒಂದು ಮೆಟ್ಟಿಲು ಮಾತ್ರ ಗಡುಸಾದ ಪಾಲಿಶು ಬಳಸಿ, ಮತ್ತೆ ನುಣುಪಾದುದರಿಂದ ಮುಗಿಸಬೇಕು. ಉಳಿದ ಕಾಲು ಪಾಲು ಗೀರುಗಳನ್ನು ನಾನು ಹಾಗೇ ಬಿಟ್ಟೆ. ಅವನ್ನೂ ಅಳಿಸುವೆನೆಂದು ಹೊರಟರೆ ಇನ್ನು ಕೆಲವು ವರ್ಷಗಳಿಗೆ ಬೇಕಾದ ಹೊದಿಕೆಯನ್ನು ಇಂದೇ ಖರ್ಚು ಮಾಡಿದಂತೆ. ಹಲ್ಲುಜ್ಜುವ ಪೇಸ್ಟು, ಪಾತ್ರೆ ತೊಳೆಯುವ ಪುಡಿ, ಸೀಮೆಎಣ್ಣೆ ಎಂದು ನೆರೆಯವರು ಹೇಳಿದರೆ ಮರ್ಯಾದೆಯಿಂದ ಕೇಳಿಸಿಕೊಂಡು ಸುಮ್ಮನಿರಿ.

ಏಣುಗಳ ವಿಷಯ ಬೇರೆ. ಹಸಿ ಬಣ್ಣ ಏಣಿನಿಂದ ಎರಡು ಕಡೆಗೂ ಜಾರುವುದರಿಂದ ಪದರ ಅಲ್ಲಿ ಮೊದಲೇ ತೆಳು. ಯಂತ್ರದ ಒತ್ತಡವೂ ಅಲ್ಲೇ ಹೆಚ್ಚು. ಪ್ಲಾಸ್ಟಿಕ್ಕಿನ ಬಂಪರಿಗೆ ತಗಡಿನಂತೆ ಶಾಖವನ್ನು ಹರಡುವ ಶಕ್ತಿಯಿಲ್ಲದ್ದರಿಂದ ಅಲ್ಲಿಯೂ ಬಣ್ಣ ಬೇಗ ಬೇಯುತ್ತದೆ. ಯಂತ್ರ ಹಿಡಿಯುವ ಮೊದಲು ಇಂಥ ಏಣುಗಳಿಗೆಲ್ಲ ಪೇಂಟರುಗಳು ಬಳಸುವ ಕಾಗದದ ಟೇಪು ಅಂಟಿಸಬೇಕು. ಆ ಅಂಗಡಿಯಲ್ಲಿ ಬಿಟ್ಟುಹೋದುದು ಈ ಸಣ್ಣ ಕೆಲಸ.

ಸುಟ್ಟುಹೋದ ಕ್ಲಿಯರನ್ನು ಯಾವ ಪಾಲಿಶೂ ಮರಳಿ ತರಲಾರದು. ಅಗಲವಾದ ಮಚ್ಚೆಯಾದರೆ ಆ ಭಾಗವನ್ನು ಎಮರಿ ಕಾಗದದಿಂದ ತಿಕ್ಕಿ, ಹೊಸದಾಗಿ ಬಣ್ಣ ಮತ್ತು ಕ್ಲಿಯರ್ ಹೊಡೆಸಬೇಕು. ಮಿಂಚುವ ಲೋಹಪುಡಿ ಬೆರೆತ ಬಣ್ಣವಾದರೆ, ಪುಡಿಯ ಕಣಗಳು ಮಲಗುವ ರೀತಿಯಲ್ಲಿ ತುಸು ವ್ಯತ್ಯಾಸವಾದರೂ ಹೊಸ ಭಾಗ ಬೇರೆಯಾಗಿ ಕಾಣುತ್ತದೆ. ಅದಕ್ಕಾಗಿ ನುರಿತ ಪೇಂಟರು ಪಕ್ಕದ ಭಾಗಕ್ಕೂ ತೆಳುವಾಗಿ ಬೆರೆಸಿಕೊಂಡು ಹೋಗುತ್ತಾನೆ. ಗಾಡಿಯ ಬಣ್ಣದ ಸಂಕೇತ ಸಂಖ್ಯೆ ಕಾರಿನ ಮೇಲಿನ ಫಲಕದಲ್ಲಿ ಸಾಮಾನ್ಯವಾಗಿ ಇರುತ್ತದೆ, ಬರೆದುಕೊಂಡು ಹೋಗಿ. ಗಟ್ಟಿಕಾರಕ ಬೆರೆಸುವ ಈ ಕ್ಲಿಯರನ್ನು ಮನೆಯಂಗಳದಲ್ಲಿ ಸಿಂಪಡಿಸುವ ಸಾಹಸ ಬೇಡ. ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಡುಕು.

ನಮ್ಮ ಮಚ್ಚೆ ನಾಣ್ಯದಗಲದ್ದೇ ಆದುದರಿಂದ ಬಾನೆಟ್ಟನ್ನೆಲ್ಲ ಹೊಡೆಸುವುದು ಬೇಡವೆಂದರು ತಂದೆಯವರು. ಸಂಕೇತ ಸಂಖ್ಯೆ ಹೇಳಿ ತರಿಸಿದ ಸಣ್ಣ ಸೀಸೆಯ ಬಣ್ಣವನ್ನು ಸೂಕ್ಷ್ಮ ಕುಂಚದಿಂದ ಅವರೇ ಕೂತು ಹಚ್ಚಿದರು. ಅದು ಒಣಗಿದ ಮೇಲೆ ಸೀಸೆಯ ಕ್ಲಿಯರನ್ನೂ ಹಚ್ಚಿದರು. ಹತ್ತಿರದಿಂದ ನೋಡಿದರೆ ಕಾಣುತ್ತದೆ. ಇಡೀ ಮೈಗೆ ಮೇಣ ಹಾಕಿ ಮುಗಿಸಿದೆವು.

ಕಳೆದ ಹಬ್ಬಕ್ಕೆ ಕಾರಿಗೆ ತೊಳೆದು ಮೇಣ ಹಾಕಿದ್ದಷ್ಟೇ. ಪೂಜೆಯ ಸಂಜೆ ಒಣಗಿದ ಗಂಧ ಕುಂಕುಮವನ್ನು ಒಣಬಟ್ಟೆಯಿಂದ ಉಜ್ಜಲು ಹೊರಟ ನನ್ನ ಮಗನನ್ನು ತಂದೆಯವರೇ ತಡೆದು, ಒಂದು ತಂಬಿಗೆ ನೀರು ತರಿಸಿ, ನೆನೆಯುವವರೆಗೂ ಜಗುಲಿಯ ಮೇಲೆ ಕಾದು ಕೂತಿದ್ದರು.