ನಡುದಾರಿಯಲ್ಲಿ ನಿಲ್ಲುವ ಮೋಟಾರು ಸೈಕಲ್ಲು

ಕನಕಪುರದಿಂದ ಸಾತನೂರನ್ನು ದಾಟಿ ಕಬ್ಬಾಳಿನ ಕಡೆಗೆ ತಿರುಗಿ, ಬೆಟ್ಟವು ಕಣ್ಣಿಗೆ ನಿಚ್ಚಳವಾಗಿ ಬೀಳುವ ಹೊತ್ತಿಗೆ ಸರಿಯಾಗಿ ನಮ್ಮ ಮೋಟಾರು ಸೈಕಲ್ಲು ನಿಂತುಬಿಡುವುದು ಕಳೆದ ವರ್ಷ ಒಂದು ವಾಡಿಕೆಯೇ ಆಗಿತ್ತು. ಆ ಕಬ್ಬಾಳದುರ್ಗವು ಹೈದರನ ಕಾಲದಲ್ಲಿ ಸೆರೆಮನೆಯಾಗಿದ್ದಿತಷ್ಟೆ. ಅದರ ಬುಡದಲ್ಲಿರುವ ಕಬ್ಬಾಳಮ್ಮನ ಗುಡಿಗೆ ಹೊರಟ ನಾನು ಪ್ರತಿ ಸಲವೂ ರಸ್ತೆಯ ಬದಿಯಲ್ಲಿ ಕಾಲು ಗಂಟೆ ಸೆರೆಯಾಳಾಗುತ್ತಿದ್ದೆ. ಕಾಲು ಗಂಟೆ ಕಳೆದರೆ, ಏನೂ ಆಗಿಲ್ಲವೆಂಬಂತೆ ಗಾಡಿ ಒಂದೇ ಒದೆತಕ್ಕೆ ಹೊರಡುತ್ತಿತ್ತು.

ಒಂದು ದಿನ ತಿರುವಿನಲ್ಲಿ ನಿಂತಾಗ, ಹಿಂದೆ ಬರುತ್ತಿದ್ದ ಜಲ್ಲಿ ಲಾರಿಯವನು ಬ್ರೇಕು ಒತ್ತಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಂದಿನಿಂದ ನಮ್ಮ ಮನೆಯವರು ಹಿಂದಿನ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. “ಒಂದೋ ಇದನ್ನ ಸರಿಮಾಡ್ಸಿ, ಇಲ್ಲ ಗುಜರಿಗೆ ಹಾಕಿ. ನಾನು ಬಸ್ಸಲ್ಲೇ ಬರ್ತೀನಿ” ಎಂದುಬಿಟ್ಟರು.

ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅದು ನಮ್ಮ ತಂದೆಯವರು ಕೊಂಡ ಯೆಜ್ಡಿ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಎಂದಮೇಲೆ ಅಲ್ಲಿಂದ ಹೊರಬಂದ ಕಟ್ಟಕಡೆಯ ಗಾಡಿಗೂ ಈಗ ಸುಮಾರು ಮೂವತ್ತು ವರ್ಷ. ನಮ್ಮದು ಅದಕ್ಕಿಂತ ಹಿರಿಯದು. ಮುಪ್ಪಿನ ರೋಗವೆಂದು ಭಾವಿಸಿ ಪೇಟೆಯ ಮೆಕ್ಯಾನಿಕ್ಕನ ಬಳಿ ಒಯ್ದೆ. “ಕಾಯಿಲು ಹೋಗೈತೆ ಮೇಷ್ಟ್ರೇ” ಎಂದು ಕಾಯಿಲನ್ನು ಬದಲಾಯಿಸಿದ. ಮುಂದಿನ ಸಲ ಕಂಡೆನ್ಸರು, ಅದರ ಮುಂದಿನ ಸಲ ಪಾಯಿಂಟು. ಮೂರು ಸಲ ಹಣ ತೆತ್ತಮೇಲೂ ಗಾಡಿ ಅದೇ ಜಾಗದಲ್ಲಿ ನಿಂತಿತು.

ಅವನ ಊಹೆ ತಪ್ಪೆಂದು ಹೇಳುವಂತಿರಲಿಲ್ಲ. ಈ ಬಗೆಯ ಹಳೆಯ ಗಾಡಿಯಲ್ಲಿ ಬ್ಯಾಟರಿಯ 6 ವೋಲ್ಟಿನ ವಿದ್ಯುತ್ತನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವುದು ಕಾಯಿಲಿನ ಕೆಲಸ. ಅದರೊಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿವೆ. ತಂತಿಯ ಹೊದಿಕೆ ಸವೆದಿದ್ದರೆ, ಬಿಸಿಯೇರಿದಾಗ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ತಣ್ಣಗಾದಾಗ ಮತ್ತೆ ನೆಟ್ಟಗಾಗುತ್ತದೆ. ಓಡಿ ಬಿಸಿಯಾದಮೇಲೆ ನಿಲ್ಲುವುದು, ಆರಿದಮೇಲೆ ಹೊರಡುವುದು: ಕಾಯಿಲಿನ ದೋಷಕ್ಕೆ ಈ ಲಕ್ಷಣ ಸಲ್ಲುತ್ತದೆ. ತೊಂದರೆ ಏನೆಂದರೆ, ಇದೇ ಲಕ್ಷಣ ಇನ್ನೆರಡು ಮೂರು ದೋಷಗಳಿಗೂ ಸಲ್ಲುತ್ತದೆ. ಮೇಲಾಗಿ, ಅಂಗಡಿಗೆ ಒಯ್ಯುವ ಹೊತ್ತಿಗೆ ಗಾಡಿ ತಣ್ಣಗಾಗಿ ಸರಿಯಾಗಿಯೇ ಇರುತ್ತಿತ್ತು. ವೈದ್ಯರ ಮನೆ ಮುಟ್ಟಿದೊಡನೆ ಹಲ್ಲುನೋವು ಮಾಯವಾಗುವುದಿಲ್ಲವೆ, ಹಾಗೆ.

ನಾನು ಯಂತ್ರ ಬಲ್ಲವನಲ್ಲ. ಆದರೆ ಪಂಡಿತ ಪರೀಕ್ಷೆಗೆಂದು ಓದಿದ ಅಲ್ಪಸ್ವಲ್ಪ ತರ್ಕದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿದ್ದವು. ಒಂದು ಇದ್ದಾಗ ಇನ್ನೊಂದೂ ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ನಾವು ಅಷ್ಟು ದಿನ ಅನ್ವಯವೊಂದನ್ನೇ ನಂಬಿಕೊಂಡಿದ್ದೆವು. ಇದು ಹೊಳೆದಮೇಲೆ, ಗಾಡಿ ಯಾವಾಗ, ಹೇಗೆ ನಿಲ್ಲುತ್ತದೆಂದು ಬರೆದಿಡತೊಡಗಿದೆ. ಎರಡು ಸಂಗತಿಗಳು ಕಂಡವು. ಒಂದು, ಅದು ದೀಪ ಆರಿಸಿದಂತೆ ಫಕ್ಕನೆ ನಿಲ್ಲುತ್ತಿರಲಿಲ್ಲ. ಏದುಸಿರು ಬಿಟ್ಟು, ಎರಡು ಸಲ ಮುಗ್ಗರಿಸಿ ಆಮೇಲೆ ನಿಲ್ಲುತ್ತಿತ್ತು. ಕಿಡಿ ತಪ್ಪಿದರೆ ಸಾಮಾನ್ಯವಾಗಿ ಗಾಡಿ ಹಠಾತ್ತನೆ ನಿಲ್ಲುತ್ತದೆ. ಪೆಟ್ರೋಲು ಸಾಲದಾದರೆ ಹೀಗೆ ತೇಕುತ್ತದೆ. ಇನ್ನೊಂದು, ಟ್ಯಾಂಕು ತುಂಬಿಸಿ ಹೊರಟ ದಿನವೇ ಈ ಕಾಟ. ಪೆಟ್ರೋಲು ಅರ್ಧಕ್ಕಿಳಿದಿದ್ದ ದಿನಗಳಲ್ಲಿ ಇರಲಿಲ್ಲ.

ಅಡಿಗೆಮನೆಯ ಅನುಭವವುಳ್ಳವರಿಗೆ ಇದರ ಗುಟ್ಟು ತಿಳಿಯದಿರದು. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬೀಳುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಮಾಡಿದರೆ ಸರಾಗವಾಗಿ ಧಾರೆಯಿಳಿಯುತ್ತದೆ. ಹೊರಗೆ ಹೋದ ಎಣ್ಣೆಯ ಸ್ಥಳಕ್ಕೆ ಗಾಳಿ ಬರಬೇಕಲ್ಲ! ಟ್ಯಾಂಕಿನ ಮುಚ್ಚಳದಲ್ಲಿಯೂ ಗಾಳಿಗಾಗಿ ಅಂಥದೊಂದು ಸಣ್ಣ ದಾರಿಯುಂಟು. ಅದು ಮುಚ್ಚಿದರೆ ಒಳಗೆ ಒತ್ತಡ ಕುಗ್ಗಿ, ಪೆಟ್ರೋಲು ಕಾರ್ಬ್ಯುರೇಟರಿಗೆ ಇಳಿಯದು. ತುಂಬಿದ ಟ್ಯಾಂಕಿನಲ್ಲಿ ಮೇಲಿರುವ ಗಾಳಿ ಸ್ವಲ್ಪವೇ ಆದ್ದರಿಂದ ಒತ್ತಡ ಬೇಗ ಕುಗ್ಗುತ್ತದೆ. ಕಾಲು ಗಂಟೆ ಬಿಟ್ಟರೆ ಸಂದಿಗೊಂದಿಗಳಿಂದ ಗಾಳಿ ಜಿನುಗಿ ಗಾಡಿ ಮತ್ತೆ ಹೊರಡುತ್ತದೆ. ಆರಿದ್ದು ಕಾಯಿಲಲ್ಲ!

ಮುಂದಿನ ಭಾನುವಾರ ಒಬ್ಬನೇ ಹೊರಟೆ. ಅದೇ ಜಾಗದಲ್ಲಿ ಗಾಡಿ ನಿಂತಿತು. ರಸ್ತೆಯಿಂದ ಇಳಿಸಿ, ಒಂದು ನಿಮಿಷವೂ ಕಾಯದೆ ಮುಚ್ಚಳ ತೆರೆದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಿ ಒದ್ದೆ, ಹೊರಟಿತು. ಕಾಯಿಲು ಅಷ್ಟರಲ್ಲಿ ತಣ್ಣಗಾಗಿರಲು ಸಾಧ್ಯವಿರಲಿಲ್ಲ.

ಮುಚ್ಚಳವನ್ನು ತಿರುವಿ ನೋಡಿದಾಗ ನಾಚಿಕೆಯಾಯಿತು. ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿಗೆ ನೀರಿಳಿಯುತ್ತದೆಂದು, ಸೈಕಲ್ ಟ್ಯೂಬು ಕತ್ತರಿಸಿ ಅಲ್ಲೊಂದು ವಾಷರು ಕೂರಿಸಿದವನು ನಾನೇ. ಅದು ಗಾಳಿಯ ದಾರಿಗೆ ಅಡ್ಡಲಾಗಿ ಕುಳಿತಿತ್ತು. ಅದನ್ನು ತೆಗೆದು ಟ್ಯಾಂಕು ತುಂಬಿಸಿ ಹೋಗಿಬಂದೆ, ನಿಲ್ಲಲಿಲ್ಲ. ಮತ್ತೆ ಹಾಕಿ ಹೋದೆ, ನಿಂತಿತು. ಮೆಕ್ಯಾನಿಕ್ಕನನ್ನು ಕುರಿತು ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತುಗಳನ್ನೆಲ್ಲ ಅಂದೇ ಹಿಂದಕ್ಕೆ ತೆಗೆದುಕೊಂಡೆ. ನಮ್ಮ ಮನೆಯವರು ಈಗ ಹಿಂದಿನ ಸೀಟಿಗೆ ಮರಳಿದ್ದಾರೆ. ಹೊರಡುವ ಮುನ್ನ ಆ ವಾಷರು ಎಲ್ಲಿದೆಯೆಂದು ಒಮ್ಮೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಮುಚ್ಚಳ ತೆರೆದರೂ ಗಾಡಿ ಹೊರಡದಿದ್ದರೆ? ಆಗ ಕಿಡಿಯನ್ನು ವಿಚಾರಿಸಬೇಕು. ಮುಚ್ಚಳವನ್ನು ಭದ್ರಪಡಿಸದೆ, ಪೆಟ್ರೋಲಿನ ವಾಸನೆ ಆರದೆ ಪ್ಲಗ್ಗನ್ನು ಹೊರತೆಗೆದು ಕಿಡಿ ನೋಡಲು ಹೋಗಬಾರದು, ಬೆಂಕಿಯ ಭಯವುಂಟು. ರೇಡಿಯೋ ಇರುವ ಮನೆಯವರಿಗೆ ಇನ್ನೊಂದು ಉಪಾಯವಿದೆ. ಬೀದಿಯಲ್ಲಿ ಹಳೆಯ ಮೋಟಾರು ಸೈಕಲ್ಲು ಹಾದುಹೋದಾಗ ರೇಡಿಯೋ ಪಟಪಟ ಎನ್ನುವುದನ್ನು ಕೇಳಿದ್ದೀರಷ್ಟೆ. ಆ ಸದ್ದು ಕಿಡಿಯದೇ. ಬ್ಯಾಟರಿಯ ಸಣ್ಣ ರೇಡಿಯೋವೊಂದನ್ನು ಮೀಡಿಯಂ ವೇವಿನಲ್ಲಿ ಯಾವ ನಿಲಯವೂ ಇಲ್ಲದೆಡೆ ನಿಲ್ಲಿಸಿ, ಗಾಡಿಯ ಪಕ್ಕದಲ್ಲಿಟ್ಟು ಕಿಕ್ ಒದೆಯಿರಿ. ಟಕ್ ಟಕ್ ಎಂದು ಕೇಳಿದರೆ ಕಾಯಿಲಿಗೆ ಜೀವವಿದೆ. ಸದ್ದೇ ಇಲ್ಲದಿದ್ದರೆ ಬ್ಯಾಟರಿಯ ತಂತಿ, ಪಾಯಿಂಟು, ಕಂಡೆನ್ಸರು, ಕಾಯಿಲು, ಈ ಕ್ರಮದಲ್ಲಿ ನೋಡುತ್ತ ಹೋಗಬಹುದು. ಸದ್ದು ಕೇಳಿದಮಾತ್ರಕ್ಕೆ ಪ್ಲಗ್ಗು ನಿರ್ದೋಷಿಯೆನ್ನಲಾಗದು. ಇಂಥ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ, ಮಸಿಯ ಎಳೆಯೊಂದು ಪ್ಲಗ್ಗಿನ ಎರಡು ತುದಿಗಳನ್ನೂ ಕೂಡಿಸಿಬಿಡುವುದುಂಟು.

ಎಂಜಿನ್ನು ಕಾದು, ಬಿಗಿದುಕೊಂಡಂತಾಗಿ ನಿಂತಿದ್ದರೆ ಮಾತ್ರ ಬಲವಾಗಿ ಒದೆಯಲೇಬಾರದು. ಅದು ಎಣ್ಣೆ ಸಾಲದೆ ಪಿಸ್ಟನ್ನು ಹಿಡಿದುಕೊಂಡಿರುವ ಲಕ್ಷಣವಿರಬಹುದು. ಪೂರ್ತಿ ಆರಲು ಬಿಡಬೇಕು. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಆ ತಳದ ದ್ರವದಲ್ಲಿ ನಾವು ಅಳೆದು ಹಾಕಿದ ಎಣ್ಣೆ ಇರುವುದಿಲ್ಲ. ಎಂಜಿನ್ನಿಗೆ ಮೊದಲು ಹೋಗುವುದು ಅದೇ. ಆದ್ದರಿಂದ ತಿಂಗಳುಗಟ್ಟಲೆ ನಿಂತಿದ್ದ ಗಾಡಿಯನ್ನು ಹೊರಡಿಸುವ ಮುನ್ನ, ಪೈಪು ಕಳಚಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು, ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನು ಪೂರ್ತಿ ಬರಿದುಮಾಡಿ ಹೊಸ ಪೆಟ್ರೋಲು ತುಂಬಿಸಿರಿ. ಹಳೆಯ ರಬ್ಬರು ಪೈಪು ಮೆತ್ತಗಾಗಿದ್ದರೆ ಅದನ್ನೂ ಆಗಲೇ ಬದಲಾಯಿಸಿರಿ.