ಛಾವಣಿ ತೊಳೆಯುವ ಯಂತ್ರ ಕೆಡುವುದು ಛಾವಣಿಯ ಮೇಲಲ್ಲ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗುವಾಗ ಸಿಗುವ ಆನಗೋಡಿನಿಂದ ಹಿಡಿದು ತುಂಗಭದ್ರೆಯ ದಡದ ಹರಿಹರದವರೆಗೆ ಛಾವಣಿಗಳ ವೈವಿಧ್ಯಕ್ಕೆ ಕೊರತೆಯಿಲ್ಲ. ಗೋದಾಮಿನ ಸಿಮೆಂಟ್ ಶೀಟು, ವರ್ಕ್‌ಶಾಪಿನ ತಗಡು, ಹಳೆಯ ಮಳಿಗೆಗಳ ಮಂಗಳೂರು ಹಂಚು, ಹೊಸ ಕಟ್ಟಡಗಳ ಆರ್.ಸಿ.ಸಿ. ತಾರಸಿ ಇವೆಲ್ಲವೂ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಪಾಚಿ ಹಿಡಿಯುತ್ತವೆ. ಮುಂಗಾರಿಗೆ ಮುನ್ನ ಇವನ್ನು ತೊಳೆಸಿ, ಬಿರುಕು ಮುಚ್ಚಿ, ಸೋರಿಕೆ ತಡೆಯುವ ಬಣ್ಣ ಬಳಿಸುವುದು ಉದ್ಯಮಿಗಳಿಗೆ ತಿಳಿದ ವಿಷಯವೇ. ಆ ಕೆಲಸಕ್ಕೆ ಬಳಸುವ ಪಂಪು, ಪೈಪು, ಗನ್‌ಗಳ ಆಯುಷ್ಯದ ಬಗ್ಗೆ ಮಾತ್ರ ಸಾಕಷ್ಟು ವಿಚಾರ ನಡೆದಿಲ್ಲ. ಯಂತ್ರವನ್ನು ಬಾಡಿಗೆಗೆ ಕೊಡುವವರು, ಮಾರುವವರು ಹಾಗೂ ಸ್ವಂತ ಕಟ್ಟಡಕ್ಕಾಗಿ ಇರಿಸಿಕೊಂಡವರು ಈ ಮೂವರಿಗೂ ಉಪಯುಕ್ತವಾಗಲೆಂದು ಕೆಲವು ಅಂಶಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಅಧಿಕ ಒತ್ತಡದ ನೀರಿನಿಂದ ಛಾವಣಿಯನ್ನು ಕೊರೆದು ತೊಳೆಯುವುದು ಒಂದು ವಿಧಾನ. ರಾಸಾಯನಿಕ ದ್ರಾವಣವನ್ನು ಮೆಲ್ಲನೆ ಸಿಂಪಡಿಸಿ, ಪಾಚಿಯನ್ನು ಸಾಯಿಸಿ, ಬಳಿಕ ಕಡಿಮೆ ಒತ್ತಡದ ನೀರಿನಿಂದ ತೊಳೆಯುವುದು ಇನ್ನೊಂದು. ಎರಡನೆಯದಕ್ಕೆ ಸಾಫ್ಟ್ ವಾಶ್ ಎಂಬ ಹೆಸರಿದೆ. ಅಮೆರಿಕದ ಡಾಂಬರು ಛಾವಣಿ ತಯಾರಕರ ಸಂಘವು ಬಟ್ಟೆ ಒಗೆಯುವ ಬ್ಲೀಚ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಸಿಂಪಡಿಸಿ, 15ರಿಂದ 20 ನಿಮಿಷ ಬಿಟ್ಟು, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕೆಂದು ಸೂಚಿಸುತ್ತದೆ. ನಮ್ಮಲ್ಲಿ ಡಾಂಬರು ಹಾಸಿನ ಮಾಡು ಅಪರೂಪ. ಆದರೆ ಸಿಮೆಂಟ್ ಶೀಟಿನ ಮಟ್ಟಿಗೆ ಈ ವಿಧಾನ ಇನ್ನೂ ಹೆಚ್ಚು ಯುಕ್ತ. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಒತ್ತಡದ ನೀರು ಅದರ ಮೇಲ್ಪದರವನ್ನು ಕಿತ್ತು ನಾರನ್ನು ಹೊರಗೆಡವುತ್ತದೆ. ಆಸ್ಟ್ರೇಲಿಯದಲ್ಲಿ ಆಸ್ಬೆಸ್ಟಾಸ್ ಮೇಲೆ ಅಧಿಕ ಒತ್ತಡದ ನೀರು ಬಿಡುವುದನ್ನು ಕಾನೂನೇ ನಿಷೇಧಿಸಿದೆ. ಅಂದ ಹಾಗೆ, ಹಳೆಯ ಶೀಟಿನ ಮೇಲೆ ಹಲಗೆ ಹಾಸದೆ ಆಳನ್ನು ಹತ್ತಿಸುವುದು ಯಾವ ವಿಧಾನದಲ್ಲೂ ಸಲ್ಲದು. ಭಟ್ಟಿ ಹೊಗೆಯ ಮಸಿಗೆ ಬ್ಲೀಚ್ ಅಷ್ಟಾಗಿ ನಾಟುವುದಿಲ್ಲ, ಅದಕ್ಕೆ ಸೋಪೇ ಬೇಕು ಎಂಬುದನ್ನೂ ಮಂಡಕ್ಕಿ ಭಟ್ಟಿಯವರು ನೆನಪಿಡಬೇಕು.

ಇಲ್ಲಿ ಬಳಕೆಯಾಗುವ ರಾಸಾಯನಿಕ ಸೋಡಿಯಂ ಹೈಪೋಕ್ಲೋರೈಟ್; ಪೇಟೆಯ ಮಾತಿನಲ್ಲಿ ಹೈಪೋ. ಕ್ಯಾನುಗಳಲ್ಲಿ ಬರುವ ಶೇ. 10-12ರ ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿದರೆ ಶೇ. 3ರ ಆಸುಪಾಸಿನ ದ್ರಾವಣ ಸಿದ್ಧವಾಗುತ್ತದೆ. ಇದನ್ನು ಸಿಂಪಡಿಸಲು ವಿದೇಶಗಳಲ್ಲಿ ಪ್ರತ್ಯೇಕ ಪಂಪುಗಳಿವೆ. ನಮ್ಮಲ್ಲಿ ಕೈಗೆ ಸಿಗುವುದು ಅಡಿಕೆ ತೋಟದ ಎಚ್.ಟಿ.ಪಿ. ಪಂಪು ಅಥವಾ ಬ್ಯಾಟರಿಯ ಡಯಾಫ್ರಮ್ ಪಂಪು. 2020ರ ಕೋವಿಡ್ ದಿನಗಳಲ್ಲಿ ಶೇ. 1ರ ಹೈಪೋ ದ್ರಾವಣವನ್ನು ಹಲವೆಡೆ ಇವೇ ಕೃಷಿ ಪಂಪುಗಳಿಂದ ಬೀದಿ ಬೀದಿಗೆ ಸಿಂಪಡಿಸಲಾಯಿತು. ಬೀದಿಗೆ ಸಿಂಪಡಿಸುವುದು ಸೂಕ್ತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಮೇ ತಿಂಗಳಲ್ಲಿ ಹೇಳಿತು. ಕೀಟನಾಶಕಕ್ಕೆಂದು ರೂಪುಗೊಂಡ ಹಿತ್ತಾಳೆ, ಉಕ್ಕು ಮತ್ತು ರಬ್ಬರಿನ ಭಾಗಗಳಿಗೆ ಹೈಪೋ ಒಗ್ಗುವುದಿಲ್ಲ. ಒಗ್ಗದ ವಸ್ತುವಿನಿಂದಲೂ ಕೆಲಸ ತೆಗೆಯಬಹುದು. ಆದರೆ ಕೆಲಸ ಮುಗಿದ ನಂತರ ಅದನ್ನು ಯಂತ್ರದೊಳಗೆ ಉಳಿಯಗೊಡಬಾರದು.

ಪೈಪಿನೊಳಗಿನ ಕಾಲು ಕಿಲೋ ಉಪ್ಪು

ಸಂಜೆ ಕೆಲಸ ಮುಗಿಯುತ್ತದೆ. ಲಗೇಜ್ ಆಟೋ ಬಾಗಿಲಲ್ಲಿ ನಿಂತಿದೆ. ‘ನಾಳೆ ಮತ್ತೆ ಇದೇ ಔಷಧಿ ತಾನೆ ಹೊಡೆಯೋದು’ ಎಂದು ಆಳುಗಳು ಪೈಪನ್ನು ಹಾಗೆಯೇ ಸುತ್ತಿಡುತ್ತಾರೆ. ಮರುದಿನದ ಕೆಲಸ ವಾರಕ್ಕೆ ಮುಂದೂಡಲ್ಪಡುತ್ತದೆ. ಈ ವಾರದಲ್ಲಿ ಆಗುವುದೇನೆಂಬುದನ್ನು ಲೆಕ್ಕದ ಮೂಲಕವೇ ನೋಡಬಹುದು. ಎಂಟೂವರೆ ಮಿಲಿಮೀಟರ್ ಒಳವ್ಯಾಸದ 100 ಮೀಟರ್ ಪೈಪು ಸುಮಾರು 5.7 ಲೀಟರ್ ದ್ರಾವಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಶೇ. 3ರ ದ್ರಾವಣವಾದರೆ ಅದರಲ್ಲಿ 170 ಗ್ರಾಂ ಹೈಪೋ ಇದೆ. ತಯಾರಿಕೆಯ ಹಂತದಲ್ಲಿಯೇ ಹುಟ್ಟಿದ ಅಡುಗೆ ಉಪ್ಪು ಅದರ ಜೊತೆಗಿರುತ್ತದೆ. ಹೈಪೋ ಕ್ಷಯಿಸಿದಾಗಲೂ ಹೆಚ್ಚಿನ ಪಾಲು ಉಪ್ಪಾಗಿಯೇ ಪರಿಣಮಿಸುತ್ತದೆ. ಎಲ್ಲವೂ ಸೇರಿ ಒಂದು ಪೈಪಿನಲ್ಲಿ ಹೆಚ್ಚುಕಡಿಮೆ ಕಾಲು ಕಿಲೋ ಉಪ್ಪು! ನೀರು ಆರಿದಲ್ಲೆಲ್ಲ ಅದು ಹರಳುಗಟ್ಟುತ್ತದೆ. ವಾಲ್ವಿನ ಸೀಟಿನಲ್ಲಿ ಕೂತ ಹರಳು ವಾಲ್ವನ್ನು ಮುಚ್ಚಗೊಡುವುದಿಲ್ಲ, ಸೀಲಿನ ಅಂಚಿನಲ್ಲಿ ಕೂತದ್ದು ಉಜ್ಜುಗಲ್ಲಿನಂತೆ ಸೀಲನ್ನು ಸವೆಸುತ್ತದೆ. ಪಂಪು ಹಾಳಾದುದು ಮಾಡಿನ ಮೇಲೆ ಕೆಲಸ ಮಾಡಿದ ಆರು ಗಂಟೆಗಳಲ್ಲಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಸುಮ್ಮನಿದ್ದ ಆರು ದಿನಗಳಲ್ಲಿ.

ಪರಿಹಾರ ಅತಿ ಸರಳ. ಪೈಪು ಹಿಡಿಯುವ ಪ್ರಮಾಣದ ಮೂರು ನಾಲ್ಕು ಪಟ್ಟು, ಅಂದರೆ ಮೇಲಿನ ಪೈಪಿಗೆ 20 ಲೀಟರಿನಷ್ಟು ಶುದ್ಧ ನೀರನ್ನು ಪಂಪಿನ ಮೂಲಕವೇ ಹಾಯಿಸಬೇಕು. ಮಧ್ಯಮ ಪಂಪಿಗೆ ಇದು ಒಂದೆರಡು ನಿಮಿಷದ ಕೆಲಸ. ಗನ್ನನ್ನು ಒಮ್ಮೆ ತೆರೆದು, ಒಮ್ಮೆ ಮುಚ್ಚಿ, ಹಿಂದಿರುಗುವ ಕೊಳವೆಯಲ್ಲಿಯೂ ನೀರು ಹರಿಯುವಂತೆ ನೋಡಿಕೊಳ್ಳಬೇಕು. ಎಚ್.ಟಿ.ಪಿ. ಪಂಪಿನಲ್ಲಿ ಈ ಬೈಪಾಸ್ ಕೊಳವೆಯನ್ನು ಮರೆಯುವವರೇ ಹೆಚ್ಚು. ನಾಜಲ್ ಮತ್ತು ಫುಟ್ ವಾಲ್ವಿನ ಜಾಲರಿಯನ್ನು ಬಿಚ್ಚಿ ಬಕೆಟ್ಟಿನಲ್ಲಿ ಅದ್ದಿಡಬೇಕು. ಕೊನೆಗೆ ಬರಿ ಗಾಳಿ ಎಳೆಯುವಂತೆ ಕೆಲವೇ ಸೆಕೆಂಡು ಓಡಿಸಿ ನೀರನ್ನೂ ಹೊರದೂಡಬೇಕು. ಹೆಚ್ಚು ಹೊತ್ತು ಒಣದಾಗಿ ಓಡಿಸಿದರೆ ಪಿಸ್ಟನ್ ಪಂಪಿನ ಸೀಲು ಬಿಸಿಯಾಗಿ ಸುಡುತ್ತದೆ. ಮೊದಲು ಹೊರಬರುವ ಐದಾರು ಲೀಟರು ಇನ್ನೂ ಸತ್ವವುಳ್ಳ ದ್ರಾವಣವೇ ಆದ್ದರಿಂದ ಅದನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಮುಂದಿನ ಕೆಲಸದ ಮಿಶ್ರಣಕ್ಕೆ ಬಳಸುವುದು ಲಾಭಕರ. ಸೋಪು ಬೆರೆತಿದ್ದರೆ ಮಾತ್ರ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬಾರದು.

ಇಲ್ಲಿ ಶುದ್ಧ ನೀರು ಎಂದರೆ ಯಾವ ನೀರು? ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರು ಬಹುಪಾಲು ಗಡಸು. ಹೈಪೋ ದ್ರಾವಣವು ತೀವ್ರ ಕ್ಷಾರಗುಣದ್ದು. ಗಡಸು ನೀರಿನೊಡನೆ ಬೆರೆತೊಡನೆ ಅದು ನೀರಿನಲ್ಲಿರುವ ಸುಣ್ಣವನ್ನು ಬಿಳಿ ಗಷ್ಟಾಗಿ ಕೆಳಗಿಳಿಸುತ್ತದೆ. ಜಾಲರಿಯಲ್ಲಿ ಕಾಣುವ ಬಿಳಿ ಕೆಸರು ಹಾಗೂ ನಾಜಲ್‌ನ ರಂಧ್ರ ಕಿರಿದಾಗುವುದು ಇದರ ಫಲ. ದಾವಣಗೆರೆ ನಗರಕ್ಕೆ ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರಾಗಲಿ, ಕುಂದವಾಡ ಕೆರೆಯಲ್ಲಿ ಸಂಗ್ರಹವಾಗುವ ಭದ್ರಾ ಕಾಲುವೆಯ ನೀರಾಗಲಿ ಇಷ್ಟು ಗಡಸಲ್ಲ. ನಲ್ಲಿ ನೀರು ಸಿಗುವವರು ಮಿಶ್ರಣಕ್ಕೂ ಕೊನೆಯ ತೊಳೆತಕ್ಕೂ ಅದನ್ನೇ ಬಳಸಬೇಕು. ಆನಗೋಡಿನಂಥ ಕಡೆ ಮಳೆನೀರಿನ ಒಂದು ಸಿಂಟೆಕ್ಸ್ ಟ್ಯಾಂಕ್ ಇರಿಸಿಕೊಂಡರೂ ಸಾಕು. ಹೈಪೋ ಬದಲಿಗೆ ಬ್ಲೀಚಿಂಗ್ ಪೌಡರ್ ಕರಗಿಸುವವರಿಗೆ ಈ ತೊಂದರೆ ದುಪ್ಪಟ್ಟು. ಪುಡಿಯಲ್ಲಿಯೇ ಸುಣ್ಣವಿರುವುದರಿಂದ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿದ ಹೊರತು ಅದನ್ನು ಪಂಪಿಗೆ ಹಾಕಕೂಡದು.

ಪ್ರಾಣಕ್ಕೆ ಎರವಾಗುವ ಎರಡು ಸಂಗತಿಗಳು

ಈ ಬಿಳಿ ಗಷ್ಟನ್ನು ತೆಗೆಯಲು ಕೆಲವರು ಆಸಿಡ್ ಬಳಸುತ್ತಾರೆ. ಆಸಿಡ್ಡಿಗೂ ಹೈಪೋಗೂ ಸಂಪರ್ಕವಾದ ಕ್ಷಣ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ಕೊಠಡಿಯಲ್ಲಿ ಒಂದು ಮಗ್ಗಿನಷ್ಟು ಹಳೆಯ ದ್ರಾವಣ ಉಳಿದಿದ್ದರೂ ಶ್ವಾಸಕೋಶಕ್ಕೆ ಅಪಾಯ ತಪ್ಪಿದ್ದಲ್ಲ. ಶೌಚಾಲಯ ತೊಳೆಯುವ ಆಸಿಡ್ಡಿನ ಬಾಟಲಿಯನ್ನು ಹೈಪೋ ಕ್ಯಾನಿನ ಪಕ್ಕದಲ್ಲಿಡುವುದೂ ತಪ್ಪು. ಗಷ್ಟು ತೆಗೆಯಲೇಬೇಕಾದರೆ ಮೊದಲು ನೀರಿನಿಂದ ಪೂರ್ತಿ ತೊಳೆದು, ವಾಸನೆ ಹೋದುದನ್ನು ಖಚಿತಪಡಿಸಿಕೊಂಡು, ಬಿಚ್ಚಿದ ನಾಜಲ್ ಮತ್ತು ಜಾಲರಿಗಳನ್ನು ಮಾತ್ರ ಬಯಲಿನಲ್ಲಿ ನೀರು ಬೆರೆಸಿದ ವಿನಿಗರ್‌ನಲ್ಲಿ ನೆನೆಸಿ, ಮತ್ತೆ ನೀರಿನಿಂದ ತೊಳೆಯಬೇಕು. ಇಡೀ ಪಂಪಿಗೆ ಆಸಿಡ್ ಹಾಯಿಸುವ ಪ್ರಯೋಗ ಬೇಡವೇ ಬೇಡ.

ಎರಡನೆಯದು ಬಾಡಿಗೆ ಪಂಪುಗಳಿಗೆ ಸಂಬಂಧಿಸಿದ್ದು. ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಬೋರ್ಡೋ ಮಿಶ್ರಣ ಸಿಂಪಡಿಸಿ ಬಂದ ಪಂಪೇ ಮರುವಾರ ಹೈಪೋ ಕೆಲಸಕ್ಕೆ ಹೊರಡುವುದುಂಟು. ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರದ ಅಂಶ ಹೈಪೋವನ್ನು ವೇಗವಾಗಿ ಒಡೆದು ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಬಿಗಿಯಾಗಿ ಮುಚ್ಚಿದ ಟ್ಯಾಂಕಿನಲ್ಲಾಗಲಿ, ಎರಡೂ ಕಡೆ ವಾಲ್ವು ಮುಚ್ಚಿದ ಪೈಪಿನಲ್ಲಾಗಲಿ ಇದು ಸಂಭವಿಸಿದರೆ ಒತ್ತಡ ಏರುತ್ತಾ ಹೋಗುತ್ತದೆ. ಮರುದಿನ ಜೋಡಣೆಯನ್ನು ಬಿಚ್ಚಿದವನ ಮುಖಕ್ಕೆ ದ್ರಾವಣ ಎರಚುತ್ತದೆ. ಇನ್ನು ತಿರುಗಾ ತೋಟಕ್ಕೆ ಹೋದ ಪಂಪಿನಲ್ಲಿ ಹೈಪೋ ಉಳಿದಿದ್ದರೆ ಎಲೆ ಸುಡುತ್ತದೆ. ಆದುದರಿಂದ ಬಾಡಿಗೆದಾರರು ಹೈಪೋ ಕೆಲಸಕ್ಕೆ ಪಂಪನ್ನೂ ಪೈಪನ್ನೂ ಪ್ರತ್ಯೇಕವಾಗಿರಿಸಿ, ದೂರದಿಂದಲೇ ಗುರುತಾಗುವಂತೆ ಬಣ್ಣ ಬಳಿಯುವುದು ಲೇಸು. ಒಂದು ಸೆಟ್ಟಿನ ಖರ್ಚು ಹೆಚ್ಚಾಯಿತೆಂದು ತೋರಬಹುದು. ಗಿರಾಕಿಯ ತೋಟ ಸುಟ್ಟರೆ ತೆರಬೇಕಾದ ಪರಿಹಾರದ ಮುಂದೆ ಅದು ದೊಡ್ಡದಲ್ಲ.

ಔಷಧಿಯ ದಾಸ್ತಾನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಷ್ಣಾಂಶ 10 ಡಿಗ್ರಿ ಏರಿದರೆ ಹೈಪೋ ಕ್ಷಯಿಸುವ ವೇಗ ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ ದಾಸ್ತಾನು ಮಾಡುವುದೆಂದರೆ ಕೊಟ್ಟ ಹಣವನ್ನು ಗಾಳಿಗೆ ತೂರಿದಂತೆಯೇ. ಎರಡು ವಾರಕ್ಕೆ ಬೇಕಾದಷ್ಟನ್ನೇ ತರಿಸಿ, ನೆರಳಿನಲ್ಲಿ, ಗಾಳಿ ಹೊರಹೋಗುವ ಮುಚ್ಚಳದ ಕ್ಯಾನಿನಲ್ಲಿ ಇಡಬೇಕು. ಲೇತು, ಡ್ರಿಲ್ಲಿಂಗ್ ಯಂತ್ರ, ವಿದ್ಯುತ್ ಫಲಕ ಇರುವ ಕೊಠಡಿಯಲ್ಲಂತೂ ಸರ್ವಥಾ ಇಡಬಾರದು. ಅದರ ಆವಿಗೆ ಹೊಳೆಯುವ ಬೆಡ್ಡು ಕೆಲವೇ ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಸುಬಿಗೆ ಬಿಡುವು. ಪೆಟ್ರೋಲ್ ಎಂಜಿನ್ನಿನ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಿಡಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಅದು ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಎಚ್.ಟಿ.ಪಿ. ಪಂಪಿನ ಆಯಿಲ್ ಗಾಜಿನಲ್ಲಿ ಹಾಲಿನ ಬಣ್ಣ ಕಂಡರೆ ಸೀಲು ಸವೆದು ನೀರು ಒಳನುಗ್ಗಿದೆಯೆಂದೇ ಅರ್ಥ. ಆಯಿಲ್ ಬದಲಿಸಿದರೆ ಸಾಲದು, ಸೀಲನ್ನೂ ಬದಲಿಸಬೇಕು. 12 ವೋಲ್ಟ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಿದರೆ ಆರೋಗ್ಯ, 12ಕ್ಕೆ ಇಳಿದಿದ್ದರೆ ಕೂಡಲೇ ಚಾರ್ಜಿಗೆ ಹಾಕಬೇಕು. ಪೈಪನ್ನು ಮೊಳೆಗೆ ನೇತುಹಾಕದೆ ಅಗಲವಾದ ಸುರುಳಿಯಾಗಿ ಇಡುವುದು ಕ್ಷೇಮ.

ಸಣ್ಣ ತಯಾರಕರಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತು ಕಾರ್ಖಾನೆ ಇಂದು ಇಲ್ಲವಾದರೂ, ನಿಖರವಾಗಿ ಕಡೆಯುವ ಕೈಗಳು ಈ ಭಾಗದಲ್ಲಿ ಇನ್ನೂ ಇವೆ. ಹೈಪೋ ಪಂಪಿಗೆ ಬೇಕಾದುದು ದೊಡ್ಡ ಯಂತ್ರವಲ್ಲ, ಸಣ್ಣ ಬಿಡಿಭಾಗ. ಸಾಮಾನ್ಯ ನೈಟ್ರೈಲ್ ರಬ್ಬರಿನ ಓ-ರಿಂಗ್ ಹೈಪೋದಲ್ಲಿ ಗಡುಸಾಗಿ ಬಿರಿಯುತ್ತದೆ. ವಿಟಾನ್ ಅಥವಾ ಇ.ಪಿ.ಡಿ.ಎಂ. ಬಾಳುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಇದರಲ್ಲಿ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. 316 ತುಸು ಮೇಲು, ಪಿ.ವಿ.ಸಿ. ಅದಕ್ಕಿಂತಲೂ ಮೇಲು. ಜನಪ್ರಿಯ ಎಚ್.ಟಿ.ಪಿ. ಮಾದರಿಗಳಿಗೆ ಹೊಂದುವ ಸೀಲುಗಳ ಕಿಟ್, ಪಿ.ವಿ.ಸಿ.ಯಲ್ಲಿ ಕಡೆದ ನಾಜಲ್, ತೊಳೆಯುವ ನೀರಿಗೆಂದು ಮೂರು ದಾರಿಯ ವಾಲ್ವು ಇವಿಷ್ಟನ್ನು ಒಂದೇ ಪೆಟ್ಟಿಗೆಯಲ್ಲಿ ಒದಗಿಸಿದರೆ ದಾವಣಗೆರೆಯ ಕೃಷಿ ಸಲಕರಣೆ ಅಂಗಡಿಗಳಲ್ಲಿಯೇ ಬೇಡಿಕೆ ಕುದುರೀತು. ಬಾಲ್ ವಾಲ್ವು ಮಾಡುವವರು ಗೋಳದ ಒಂದು ಮಗ್ಗುಲಿಗೆ ಎರಡು ಮೂರು ಮಿಲಿಮೀಟರಿನ ರಂಧ್ರ ಕೊರೆದರೆ, ಮುಚ್ಚಿದ ವಾಲ್ವಿನೊಳಗೆ ಸಿಲುಕಿದ ಹೈಪೋದ ಅನಿಲ ಟ್ಯಾಂಕಿನ ಕಡೆಗೆ ಹೊರಟುಹೋಗುತ್ತದೆ. ವಾಲ್ವು ಮುಚ್ಚಿದಾಗ ಆ ರಂಧ್ರ ಟ್ಯಾಂಕಿನ ಕಡೆಗೇ ಮುಖಮಾಡಿರಬೇಕು; ಆದ್ದರಿಂದ ಮೈಮೇಲೆ ಬಾಣದ ಗುರುತು ಕೊರೆದೇ ಮಾರಬೇಕು.