ನಿತ್ಯದ ಬೆಳೆಗಳ ಪೂರ್ವಚರಿತ್ರೆ

ನಾವು ದಿನವೂ ಉಣ್ಣುವ ಪದಾರ್ಥಗಳಲ್ಲಿ ಯಾವುದು ಸ್ವದೇಶದ್ದು, ಯಾವುದು ಪರದೇಶದಿಂದ ಬಂದದ್ದು ಎಂಬ ವಿಚಾರವನ್ನು ರೈತರಲ್ಲಿ ಬಹುಮಂದಿ ಮನಸ್ಸಿಗೆ ತಂದುಕೊಳ್ಳುವುದಿಲ್ಲ. ತಾತ ಮುತ್ತಾತಂದಿರ ಕಾಲದಿಂದ ಹೊಲದಲ್ಲಿರುವ ಬೆಳೆಯೆಲ್ಲವೂ ಈ ನೆಲದಲ್ಲಿಯೇ ಹುಟ್ಟಿದುದೆಂದು ಭಾವಿಸುವುದು ಸಹಜವೇ ಸರಿ. ಆದರೆ ಸಸ್ಯಶಾಸ್ತ್ರಜ್ಞರ ಶೋಧನೆಗಳಿಂದ ತಿಳಿದುಬಂದಿರುವ ಸಂಗತಿಯು ಬೇರೆಯಾಗಿದೆ. ಇದು ಕೇವಲ ವಿನೋದಕ್ಕಾಗಿ ತಿಳಿಯತಕ್ಕ ವಿಷಯವಲ್ಲ. ಬೀಜದ ಆಯ್ಕೆಗೂ ರೋಗನಿವಾರಣೆಗೂ ಇದಕ್ಕೂ ನಿಕಟವಾದ ಸಂಬಂಧವಿರುವುದರಿಂದ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಹೆಸರೇ ಹೇಳುವ ಕಥೆ

ಮೊದಲು ಮೆಣಸಿನಕಾಯಿಯನ್ನು ತೆಗೆದುಕೊಳ್ಳೋಣ. ಮೆಣಸಿನಕಾಯಿಯಿಲ್ಲದ ಸಾರನ್ನು ನಮ್ಮವರು ಊಹಿಸಲಾರರು. ಆದರೂ ಈ ಗಿಡವು ಅಮೆರಿಕ ಖಂಡಕ್ಕೆ ಸೇರಿದ್ದು. ೧೪೯೨ರಲ್ಲಿ ಕೊಲಂಬಸನು ಆ ಖಂಡದ ದ್ವೀಪಗಳನ್ನು ಮುಟ್ಟಿದನು. ೧೪೯೮ರಲ್ಲಿ ವಾಸ್ಕೋಡಗಾಮನು ಕಲ್ಲಿಕೋಟೆಗೆ ಬಂದನು. ಇದಾದ ಮೇಲೆ ಪೋರ್ಚುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿಯು ನಮ್ಮ ಪಶ್ಚಿಮತೀರವನ್ನು ಸೇರಿತು. ಅದಕ್ಕೆ ಮುಂಚೆ ನಮ್ಮ ಅಡಿಗೆಗೆ ಖಾರವನ್ನು ಕೊಡುತ್ತಿದ್ದವು ಮೆಣಸು, ಹಿಪ್ಪಲಿ ಮತ್ತು ಶುಂಠಿ. ಮೆಣಸಿನ ಬಳ್ಳಿಯು ನಮ್ಮ ಪಶ್ಚಿಮಘಟ್ಟದ ಸ್ವಂತ ಸಂತಾನ. ಹೊಸದಾಗಿ ಬಂದ ಕಾಯಿಯೂ ಮೆಣಸಿನಂತೆ ಖಾರವಾಗಿದ್ದುದರಿಂದ ಜನರು ಅದನ್ನು 'ಮೆಣಸಿನ ಕಾಯಿ' ಎಂದು ಕರೆದರು. ಕ್ರಮೇಣ ಅತಿಥಿಯೇ ಮನೆಯ ಯಜಮಾನನಾಯಿತು. ಮನೆಯವನನ್ನು 'ಕರಿಮೆಣಸು', 'ಒಳ್ಳೆಮೆಣಸು' ಎಂದು ಬಿಡಿಸಿ ಹೇಳಬೇಕಾಗಿ ಬಂದಿತು.

ಇದೇ ರೀತಿಯಾಗಿ ಅಮೆರಿಕದಿಂದ ಬಂದ ಇನ್ನೂ ಕೆಲವು ಬೆಳೆಗಳು ನಮ್ಮ ಹಳೆಯ ಧಾನ್ಯಗಳ ಹೆಸರನ್ನು ಎರವಲಾಗಿ ಪಡೆದಿರುವುವು. ದಕ್ಷಿಣ ಅಮೆರಿಕದ ನೆಲಗಡಲೆಯು ಕಡಲೆಯ ಹೆಸರನ್ನೂ, ಮೆಕ್ಸಿಕೋ ದೇಶದ ಮುಸುಕಿನ ಜೋಳವು ಜೋಳದ ಹೆಸರನ್ನೂ ತೆಗೆದುಕೊಂಡವು. ಸೀಮೆಬದನೆಯಲ್ಲಿರುವ 'ಸೀಮೆ' ಎಂಬ ಮಾತು ಪರದೇಶವನ್ನು ಸೂಚಿಸುತ್ತದೆ. ಪರಂಗಿಹಣ್ಣೆಂದರೆ ಪರಂಗಿಯವರ, ಅಂದರೆ ಯೂರೋಪಿಯನ್ನರ ಹಣ್ಣು ಎಂದೇ ಅರ್ಥ. ಆ ಮರದ ತವರು ಮಾತ್ರ ಅಮೆರಿಕದ ಉಷ್ಣವಲಯ.

ಒಂದೇ ತಳಿಯನ್ನು ನಂಬಿದ ದೇಶ

ಆಲೂಗಡ್ಡೆಯ ಚರಿತ್ರೆಯಾದರೋ ಎಲ್ಲರಿಗೂ ಎಚ್ಚರಿಕೆಯ ಪಾಠವಾಗಿದೆ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಅಲ್ಲಿಯ ಒಕ್ಕಲಿಗರು ಒಂದೇ ಹೊಲದಲ್ಲಿ ನಾನಾ ಬಣ್ಣದ, ನಾನಾ ಗುಣದ ಗಡ್ಡೆಗಳನ್ನು ಬೆಳೆಯುತ್ತ ಬಂದಿದ್ದಾರೆ. ಯೂರೋಪಿಗೆ ಹೋದುವಾದರೋ ಕೆಲವೇ ಗಡ್ಡೆಗಳು. ಐರ್ಲೆಂಡಿನ ಬಡಜನರು ಬಹುಮಟ್ಟಿಗೆ 'ಲಂಪರ್' ಎಂಬ ಒಂದೇ ತಳಿಯನ್ನು ಆಶ್ರಯಿಸಿದ್ದರು. ಗಡ್ಡೆಯನ್ನೇ ನೆಟ್ಟು ಬೆಳೆಯುವುದರಿಂದ ಗಿಡಗಳೆಲ್ಲವೂ ಒಂದೇ ಗುಣದವಾಗುವುವು. ಒಂದಕ್ಕೆ ತಗಲಿದ ರೋಗವು ಎಲ್ಲಕ್ಕೂ ತಗಲುವುದು. ೧೮೪೫ರಲ್ಲಿ ಅಂಗಮಾರಿ ರೋಗವು ಆ ದೇಶವನ್ನು ಹೊಕ್ಕಿತು. ಹಸುರಾಗಿದ್ದ ಹೊಲಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತುವು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ೧೦ ಲಕ್ಷ ಜನರು ಹಸಿವಿನಿಂದಲೂ ಅದರ ಬೆನ್ನಲ್ಲೇ ಬಂದ ಜಾಡ್ಯಗಳಿಂದಲೂ ಮಡಿದರು. ೧೦ ಲಕ್ಷಕ್ಕೂ ಮಿಕ್ಕ ಜನರು ದೇಶವನ್ನೇ ಬಿಟ್ಟುಹೋದರು. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರು ಈ ರೋಗವನ್ನು ಚೆನ್ನಾಗಿ ಬಲ್ಲರು.

ದಾರಿಬದಿಯ ದ್ರಾಕ್ಷಿಯಿಂದ ದೊರೆತ ಔಷಧ

ಆ ಕ್ಷಾಮದ ಕಾಲದಲ್ಲಿ ರೋಗಕ್ಕೆ ಮದ್ದು ತಿಳಿದಿರಲಿಲ್ಲ. ಮುಂದೆ ಅದು ಆಕಸ್ಮಿಕವಾಗಿ ದೊರೆಯಿತು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದ್ದು ತಿನ್ನದಿರಲೆಂದು ತೋಟಗಾರರು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ಬೂಜುರೋಗದಿಂದ ಮಿಕ್ಕ ಬಳ್ಳಿಗಳು ಎಲೆಯುದುರಿಸಿದಾಗಲೂ ಈ ಬಳ್ಳಿಗಳು ಹಸುರಾಗಿಯೇ ಇದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ೧೮೮೨ರಲ್ಲಿ ಗಮನಿಸಿದರು. ಪ್ರಯೋಗಗಳನ್ನು ನಡೆಸಿ ೧೮೮೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇದೇ ನಮ್ಮ ಮಲೆನಾಡಿನ ರೈತರು ಅಡಿಕೆಯ ಗೊನೆಗಳಿಗೆ ಮಳೆಗಾಲದ ಮುಂಚೆ ಸಿಂಪಡಿಸುವ ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯು ಆಲೂಗಡ್ಡೆಯ ಅಂಗಮಾರಿಯ ಹತ್ತಿರದ ಬಂಧು. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ನರು ಈ ಕೊಳೆರೋಗವನ್ನು ಕುರಿತು ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ರಾಗಿಯ ತವರು

ಔಷಧಕ್ಕೆ ಪ್ರತಿವರ್ಷವೂ ಹಣ ಬೇಕು, ಆಳು ಬೇಕು. ರೋಗವನ್ನು ತಾನೇ ತಡೆಯಬಲ್ಲ ಬೀಜವು ದೊರೆತರೆ ಅದೇ ಉತ್ತಮ. ಅಂತಹ ಬೀಜವನ್ನು ಎಲ್ಲಿ ಹುಡುಕಬೇಕು? ಬೆಳೆಯ ತವರಿನಲ್ಲಿ. ಸಸಿಯು ಪರದೇಶಕ್ಕೆ ಹೋಗುವಾಗ ಅದರ ವಂಶದ ಗುಣಗಳಲ್ಲಿ ಅಲ್ಪಾಂಶವು ಮಾತ್ರ ಅದರೊಡನೆ ಹೋಗುವುದು. ಉಳಿದುದು ತವರಿನಲ್ಲಿಯೇ ನಿಲ್ಲುವುದು. ಆಲೂಗಡ್ಡೆಗೆ ಅಂಗಮಾರಿಯನ್ನು ತಡೆಯುವ ಗುಣವನ್ನು ಮೆಕ್ಸಿಕೋದ ಕಾಡು ಜಾತಿಯಿಂದ ತಂದು ಕೂಡಿಸಿದುದು ಇದೇ ತತ್ವದಿಂದ.

ನಮ್ಮ ರಾಗಿಯ ವಿಷಯದಲ್ಲಿಯೂ ಹಾಗೆಯೇ ನಡೆದಿದೆ. ಅನೇಕ ವಾಚಕರಿಗೆ ಆಶ್ಚರ್ಯವಾಗಬಹುದು: ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಇಥಿಯೋಪಿಯಾ ಮತ್ತು ಯುಗಾಂಡಗಳಲ್ಲಿ ಇದು ಇಂದಿಗೂ ಜನರ ಆಹಾರ. ಬಹು ಪ್ರಾಚೀನ ಕಾಲದಲ್ಲಿಯೇ ಸಮುದ್ರವನ್ನು ದಾಟಿಬಂದ ಈ ಧಾನ್ಯವು ನಮ್ಮ ಕೆಂಪು ನೆಲಕ್ಕೆ ಒಗ್ಗಿ ನಮ್ಮದೇ ಆಯಿತು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಕ್ಷೇತ್ರದಲ್ಲಿ ಕೆಲಸಮಾಡಿದ ಶ್ರೀ ಸಿ. ಎಚ್. ಲಕ್ಷ್ಮಣಯ್ಯನವರು ಮೊದಲು ನಮ್ಮ ನಾಡಿನ ರಾಗಿಗಳನ್ನೇ ಒಂದಕ್ಕೊಂದು ಸಂಕರಗೊಳಿಸಿದರು. ಅನಂತರ ಆಫ್ರಿಕದ ರಾಗಿಯನ್ನು ತರಿಸಿ ನಮ್ಮ ರಾಗಿಯೊಡನೆ ಕೂಡಿಸಿದರು. ರಾಗಿಯ ಹೂವು ಅತಿ ಸಣ್ಣದು. ತನ್ನ ಪರಾಗದಿಂದಲೇ ಕಾಳುಕಟ್ಟತಕ್ಕದ್ದು. ಆದುದರಿಂದ ಈ ಕೆಲಸಕ್ಕೆ ಅಸಾಧಾರಣವಾದ ತಾಳ್ಮೆ ಬೇಕಾಯಿತು. ಇದರಿಂದ ಹುಟ್ಟಿದ ತಳಿಗಳಿಗೆ ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳ ಮೊದಲ ಭಾಗಗಳನ್ನು ಸೇರಿಸಿ 'ಇಂಡಾಫ್' ಎಂದು ನಾಮಕರಣವಾಯಿತು. ಗಟ್ಟಿಯಾದ ದಂಟು, ತುಂಬಿದ ತೆನೆ ಇವುಗಳ ಲಕ್ಷಣ. ಬೆಂಕಿರೋಗವನ್ನು ತಡೆಯುವುದಕ್ಕೆ ಹೆಸರಾದ ಜಿ.ಪಿ.ಯು. ೨೮ ಎಂಬ ತಳಿಯ ಪೂರ್ವಜರಲ್ಲಿಯೂ ಇಂಡಾಫ್ ಉಂಟು. ಸಾವಿರಾರು ವರ್ಷಗಳ ಹಿಂದೆ ಅಗಲಿದ ಬಂಧುಗಳು ಮತ್ತೆ ಕೂಡಿದುದರ ಫಲವನ್ನು ನಮ್ಮ ರೈತರು ಕಣಜದಲ್ಲಿ ತುಂಬಿಕೊಂಡಿದ್ದಾರೆ.

ರೈತರು ಗಮನಿಸತಕ್ಕ ಅಂಶಗಳು

'ಹಿರಿಯರ ಬೀಜವಿರುವಾಗ ಹೊಸದೇಕೆ?' ಎಂದು ಕೆಲವರು ಕೇಳುವುದುಂಟು. 'ಹೊಸದು ಬಂದಮೇಲೆ ಹಳೆಯದೇಕೆ?' ಎನ್ನುವವರೂ ಉಂಟು. ಮೇಲಿನ ಚರಿತ್ರೆಯು ಈ ಇಬ್ಬರಿಗೂ ಉತ್ತರ ಹೇಳುವುದು. ಹಿರಿಯರ ಬೀಜವೂ ಒಂದಾನೊಂದು ಕಾಲದಲ್ಲಿ ಹೊಸದಾಗಿ ಬಂದುದೇ. ಪರೀಕ್ಷಿತವಾದ ಹೊಸ ತಳಿಯನ್ನು ಅಂಜದೆ ಬಿತ್ತಬಹುದು. ಆದರೆ ಇದ್ದ ಹೊಲವನ್ನೆಲ್ಲ ಒಂದೇ ತಳಿಗೆ ಒಪ್ಪಿಸಬಾರದು. ಒಂದೆರಡು ಗುಂಟೆಯಲ್ಲಾದರೂ ಹಳೆಯ ನಾಟಿ ತಳಿಯನ್ನು ಉಳಿಸಿಕೊಳ್ಳತಕ್ಕದ್ದು. ನಾಳೆ ಬರಬಹುದಾದ ರೋಗಕ್ಕೆ ತಡೆ ಅದರಲ್ಲಿಯೇ ಇದ್ದೀತು. ಬೀಜಕ್ಕಾಗಿ ಬೆಂಕಿರೋಗವಿಲ್ಲದ ತೆನೆಗಳನ್ನು ಕೊಯ್ಲಿಗೆ ಮುಂಚೆಯೇ ಆರಿಸಿಡಬೇಕು. ಅಂಗಮಾರಿ ಬಿದ್ದ ಹೊಲದ ಗಡ್ಡೆಯನ್ನು ಬಿತ್ತನೆಗೆ ಇಡಲೇಬಾರದು; ಕೊಳೆತ ಗಡ್ಡೆಗಳನ್ನು ಬದುವಿನ ಮೇಲೆ ಎಸೆಯದೆ ಆಳವಾಗಿ ಹೂಳಬೇಕು.

ಐರ್ಲೆಂಡಿನ ಒಕ್ಕಲಿಗನು ಸೋಮಾರಿಯಾಗಿರಲಿಲ್ಲ. ಅವನ ಕೈಯಲ್ಲಿ ಬೇರೆ ಬೀಜವಿರಲಿಲ್ಲ. ನಮ್ಮ ಕೈಯಲ್ಲಿ ಇದೆ. ಅದನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ.